ಶಾಲೆಯಲ್ಲಿ ಮಗನನ್ನು ಅಣಕಿಸುತ್ತಾರೆ: ‘ತಿರುಗಿ ಬಡಿ’ ಎನ್ನಬೇಕೇ, ಶಾಲೆಯನ್ನೇ ಬಿಡಿಸಬೇಕೇ?

ಜಮಖಂಡಿಯಿಂದ ನೀವು ಬರೆದಿರುವುದು ಇಷ್ಟು: ಐದನೆಯ ತರಗತಿಯ ಮಗನನ್ನು ಸಹಪಾಠಿಗಳು ಮೂರು ತಿಂಗಳಿಂದ ಅಡ್ಡಹೆಸರಿಟ್ಟು ಕಾಡುತ್ತಿದ್ದಾರೆ, ಬೆಳಗಾದರೆ ಅವನು ಹೊಟ್ಟೆನೋವೆಂದು ಮುಸುಕು ಹೊದೆಯುತ್ತಾನೆ, ಮನೆಯ ಹಿರಿಯರು ‘ನೀನೂ ಎರಡು ಬಡಿ’ ಎನ್ನುತ್ತಾರೆ, ನಿಮಗೆ ಶಾಲೆಯನ್ನೇ ಬದಲಿಸಿಬಿಡೋಣ ಎನ್ನಿಸಿದೆ. ನಾನು ವಿಜಯಪುರ ಜಿಲ್ಲೆಯಲ್ಲಿ ಹದಿನೆಂಟು ವರ್ಷಗಳಿಂದ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಆದರೂ ಈ ಉತ್ತರವನ್ನು ಆ ಬಲದ ಮೇಲೆ ಬರೆಯುತ್ತಿಲ್ಲ. ಯಾವ ಹುಡುಗ ಉಣ್ಣದೆ ಬಂದಿದ್ದಾನೆಂಬುದನ್ನು ಮುಖ ನೋಡಿಯೇ ಹೇಳಬಲ್ಲೆನೆಂದು ಬೀಗುತ್ತಿದ್ದ ನನಗೆ, ನನ್ನ ಮಗ ನಗರದ ಇನ್ನೊಂದು ಶಾಲೆಯಲ್ಲಿ ಅರ್ಧ ವರ್ಷ ಪಟ್ಟ ಪಾಡು ಗೊತ್ತೇ ಆಗಿರಲಿಲ್ಲ.

ಅವನಿಗೆ ಮಾತಿನಲ್ಲಿ ಉಗ್ಗು ಇದೆ. ಅದರಲ್ಲೂ ತನ್ನ ಹೆಸರಿನ ಮೊದಲ ಅಕ್ಷರವಾದ ‘ಮ’ ಸುಲಭಕ್ಕೆ ಹೊರಡುವುದಿಲ್ಲ. ಮೊದಲು ಅನುಮಾನ ಬಂದದ್ದು ನನ್ನ ಹೆಂಡತಿಗೆ. ಫೆಬ್ರುವರಿಯ ಬಿಸಿಲಲ್ಲೂ ಅವನ ನೀರಿನ ಬಾಟಲಿ ದಿನವೂ ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಕೇಳಿದರೆ ‘ನೀರಡಿಕಿ ಆಗಲಿಲ್ಲ’ ಎನ್ನುತ್ತಿದ್ದ. ಒಂದು ಭಾನುವಾರ ನಾನೂ ಅವನೂ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಾಗ ತಲೆ ಎತ್ತದೆಯೇ ತಾನಾಗಿ ಹೇಳಿದ: ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅಲ್ಲಿ ಮೂವರು ಹುಡುಗರು ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳು, ಬಿಡತೀವಿ’ ಎನ್ನುತ್ತಾರೆ. ಶಾಲೆಯವರು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದ ದಿನದ ಸಂಗತಿಯೂ ಆಗಲೇ ಹೊರಬಿತ್ತು. ಮೇಲಿನ ಗ್ಯಾಲರಿಯಲ್ಲಿ ಆ ಮೂವರು ‘ಮ-ಮ-ಮ’ ಎಂದು ಕೂಗಿದ್ದರು. ಗುಮ್ಮಟ ಅದನ್ನು ಮತ್ತೆ ಮತ್ತೆ ಮರುದನಿಸಿತ್ತು, ತರಗತಿಯೆಲ್ಲ ನಕ್ಕಿತ್ತು. ಅಂದು ಸಂಜೆ ಅವನು ಮನೆಗೆ ಬಂದು ‘ಚಲೋ ಇತ್ತು’ ಎಂದಷ್ಟೇ ಹೇಳಿದ್ದು ನನಗೆ ನೆನಪಾಯಿತು.

ಇಲ್ಲಿ ನಿಮಗೊಂದು ಮಾತು. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ‘ಏನಾಯಿತು, ಯಾರು, ಯಾಕೆ’ ಎಂದು ಕೇಳಿದರೆ ಅವರಿಗೆ ಅದು ವಿಚಾರಣೆಯಂತೆ ಕಾಣುತ್ತದೆ. ಕೈಗೆ ಕೆಲಸವಿದ್ದು, ಕಣ್ಣಿಗೆ ಕಣ್ಣು ಕೂಡದಿದ್ದಾಗ ಮಾತು ತಾನಾಗಿ ಬರುತ್ತದೆ. ಬಂದಾಗ ನಡುವೆ ಬಾಯಿ ಹಾಕಬೇಡಿ. ‘ನೀ ಏನ್ ಮಾಡಿದ್ದಿ?’ ಎಂಬ ಪ್ರಶ್ನೆಯನ್ನಂತೂ ನುಂಗಿಕೊಳ್ಳಿ. ನಾನು ನುಂಗಲಿಲ್ಲ, ಅದಕ್ಕಾಗಿ ಇನ್ನೊಂದು ವಾರ ಅವನ ಮೌನವನ್ನು ಅನುಭವಿಸಿದೆ.

ನನ್ನ ಎರಡನೆಯ ತಪ್ಪು ಇನ್ನೂ ದೊಡ್ಡದು. ಮರುದಿನವೇ ಸಿಟ್ಟಿನಿಂದ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ನಾಲ್ವರನ್ನೂ ಕರೆಸಿ, ಕ್ಷಮೆ ಕೇಳಿಸಿ, ಕೈ ಕುಲುಕಿಸಿ, ‘ಇನ್ನ ಎಲ್ಲಾರೂ ದೋಸ್ತರು’ ಎಂದು ಕಳಿಸಿಕೊಟ್ಟರು. ಮರುದಿನದಿಂದ ನನ್ನ ಮಗನಿಗೆ ‘ಚಾಡಿಕೋರ’ ಎಂಬ ಇನ್ನೊಂದು ಹೆಸರು ಸೇರಿತು. ಮಕ್ಕಳ ನಡುವಿನ ಕಿರುಕುಳವನ್ನು ಎಪ್ಪತ್ತರ ದಶಕದಿಂದಲೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅದಕ್ಕೆ ಮೂರು ಲಕ್ಷಣ ಹೇಳಿದ್ದರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವೆ ಬಲದ ಅಂತರವಿರುವುದು. ನಮ್ಮ ಕಡೆ ಚಾಷ್ಟಿ ಎನ್ನುವುದರಲ್ಲಿ ಈ ಮೂರನೆಯದು ಇರುವುದಿಲ್ಲ. ಇಂದು ನೀನು, ನಾಳೆ ನಾನು ಎಂದು ಸರದಿ ತಿರುಗುತ್ತಿರುತ್ತದೆ. ಸರದಿ ತಿರುಗದೆ ಒಬ್ಬನ ಮೇಲೆಯೇ ನಿಂತಿತೆಂದರೆ ಅದು ಚಾಷ್ಟಿಯಲ್ಲ. ರಾಜಿ ಮಾಡಿಸುವುದು ಸಮಬಲರ ಜಗಳಕ್ಕೆ ಸರಿ. ಬಲದ ಅಂತರವಿದ್ದಲ್ಲಿ ರಾಜಿಯೆಂದರೆ, ಕಾಡುವವನ ಕೈಯನ್ನು ಕಾಡಿಸಿಕೊಳ್ಳುವವನೇ ಹಿಡಿಯಬೇಕಾದ ಇನ್ನೊಂದು ಅವಮಾನ. ‘ನೀನೂ ಎರಡು ಬಡಿ’ ಎಂಬ ಹಿರಿಯರ ಮಾತಿನ ಕೊರತೆಯೂ ಇದೇ: ಬಡಿಯಬಲ್ಲವನಾಗಿದ್ದರೆ ಅವನನ್ನು ಆರಿಸಿಕೊಳ್ಳುತ್ತಲೇ ಇರಲಿಲ್ಲ. ಬಡಿಯಲಾಗದೆ ಮನೆಗೆ ಬಂದ ಮಗುವಿಗೆ ಅಲ್ಲಿಯೂ ಸೋತೆ, ಇಲ್ಲಿಯೂ ಸೋತೆ ಎನ್ನಿಸುತ್ತದೆ.

ಎರಡನೆಯ ಸಲ ಹೋಗುವಾಗ ಒಂದು ನೋಟ್‌ಬುಕ್ ಒಯ್ದೆ. ಎರಡು ವಾರ ಮಗ ಹೇಳಿದ್ದನ್ನು ದಿನಾಂಕ, ಹೊತ್ತು, ಜಾಗ, ಯಾರು ನೋಡಿದರು ಎಂಬ ವಿವರಗಳೊಂದಿಗೆ, ವಿಶೇಷಣಗಳಿಲ್ಲದೆ ಬರೆದಿಟ್ಟಿದ್ದೆ. ಹನ್ನೊಂದು ಘಟನೆಗಳಲ್ಲಿ ಒಂಬತ್ತು ನಡೆದದ್ದು ಎರಡೇ ಜಾಗಗಳಲ್ಲಿ: ಬಿಡುವಿನ ವೇಳೆಯ ಶೌಚಾಲಯದ ಬಾಗಿಲು ಮತ್ತು ವ್ಯಾನಿನ ಹಿಂದಿನ ಸೀಟು. ಇದನ್ನು ನೋಡಿದ ತರಗತಿಯ ಶಿಕ್ಷಕಿಯ ದನಿಯೇ ಬದಲಾಯಿತು, ಏಕೆಂದರೆ ‘ನಿಮ್ಮ ಮಕ್ಕಳು ಕೆಟ್ಟವರು’ ಎಂಬ ದೂರಿಗೆ ಉತ್ತರವಿಲ್ಲದಿದ್ದರೂ ‘ಈ ಹತ್ತು ನಿಮಿಷ ಈ ಬಾಗಿಲ ಬಳಿ ಯಾರೂ ಇರುವುದಿಲ್ಲ’ ಎಂಬುದಕ್ಕೆ ಉತ್ತರವಿದೆ. ಬಿಡುವಿನಲ್ಲಿ ಒಬ್ಬ ಶಿಕ್ಷಕರು ಅಲ್ಲಿ ನಿಲ್ಲತೊಡಗಿದರು, ವ್ಯಾನಿನಲ್ಲಿ ಅವನಿಗೆ ಚಾಲಕನ ಹಿಂದಿನ ಸೀಟು ಸಿಕ್ಕಿತು, ಹಾಜರಿಗೆ ಎಲ್ಲ ಮಕ್ಕಳೂ ಬಾಯಲ್ಲಿ ಹೇಳುವ ಬದಲು ಕೈ ಎತ್ತುವ ಪದ್ಧತಿ ಬಂತು. ಅವನೊಬ್ಬನಿಗೇ ಈ ರಿಯಾಯಿತಿ ಕೊಟ್ಟಿದ್ದರೆ ಅದೂ ಒಂದು ಅಣಕವಾಗುತ್ತಿತ್ತು. ನಕ್ಕ ಮಕ್ಕಳೊಂದಿಗೂ ಶಿಕ್ಷಕಿ ಬೇರೆಬೇರೆಯಾಗಿ ಮಾತನಾಡಿದರು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮ ನಿಂತಿರುವುದೇ ಈ ವಿಚಾರದ ಮೇಲೆ: ಕಾಡುವವನಿಗೆ ಬೇಕಾದದ್ದು ನೋಡುವವರ ನಗು, ಅದು ಸಿಗದಿದ್ದರೆ ಅವನ ಆಟ ನಡೆಯುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಇಬ್ಬರು ಹುಡುಗರನ್ನು ಅವನ ಜೊತೆ ಕೂರಿಸಿದರು. ಒಬ್ಬ ನಾಲ್ಕು ದಿನಕ್ಕೆ ಎದ್ದುಹೋದ, ಇನ್ನೊಬ್ಬ ಇಂದಿಗೂ ಗೆಳೆಯ.

ಆ ಹುಡುಗರ ತಂದೆತಾಯಿಯರನ್ನು ಶಾಲೆಯ ಗೇಟಿನಲ್ಲಿ ತಡೆದು ಕೇಳುವ ಆಸೆ ನನಗೂ ಆಗಿತ್ತು. ನಮ್ಮಂಥ ಊರುಗಳಲ್ಲಿ ಅದು ಸಂಜೆಯೊಳಗೆ ಎರಡು ಮನೆತನಗಳ ಜಗಳವಾಗುತ್ತದೆ, ಮಗು ಎಲ್ಲರಿಗೂ ಮರೆತುಹೋಗುತ್ತದೆ. ಶಾಲೆಯ ಮೂಲಕವೇ ಹೋಗಿ, ಲಿಖಿತವಾಗಿ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಮುಂದಿಡಬಹುದು. ಕಾಡುವವರ ಜೊತೆ ಶಿಕ್ಷಕರೇ ಸೇರಿಕೊಂಡು ಅಣಕಿಸುತ್ತಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ತಿಳಿದಿರಲಿ. ಹೊಡೆತ, ಬೆದರಿಕೆಗಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗು ‘ನಾ ಇರಬಾರದಿತ್ತು’ ಎಂಬಂಥ ಮಾತಾಡಿದರೆ, ನಿದ್ರೆ ಊಟ ಬಿಟ್ಟರೆ ಒಂದು ದಿನವೂ ಕಾಯಬೇಡಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಜಿಲ್ಲಾ ಆಸ್ಪತ್ರೆ ಇದೆ, ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಇನ್ನು ಆತ್ಮವಿಶ್ವಾಸದ ಪ್ರಶ್ನೆ. ಕಿರುಕುಳ ನಿಲ್ಲುವ ಮೊದಲು ‘ನೀ ಹುಲಿ’ ಎಂದು ಹೊಗಳುವುದರಿಂದ ಏನೂ ಆಗುವುದಿಲ್ಲ. ಹುಲಿಯಲ್ಲವೆಂದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಂತ ಮೇಲೂ ಹೊಗಳಿಕೆಗಿಂತ ಕೆಲಸ ಮೇಲು. ನಮ್ಮ ಓಣಿಯಲ್ಲಿ ಒಂದು ಸೈಕಲ್ ಅಂಗಡಿ ಇದೆ. ತನ್ನ ಸೈಕಲ್ಲಿನ ಪಂಕ್ಚರ್ ತಿದ್ದುವುದನ್ನು ಕಲಿಯುತ್ತೇನೆಂದು ಮಗ ಭಾನುವಾರ ಬೆಳಿಗ್ಗೆ ಒಂದು ತಾಸು ಅಲ್ಲಿ ಕೂರತೊಡಗಿದ. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ಒಣಗುವವರೆಗೆ ಕಾಯುವುದು. ಅಂಗಡಿಯ ಕಾಕಾ ಅವನ ಮಾತು ತಡವರಿಸಿದರೆ ತಾನು ಮುಗಿಸುವುದಿಲ್ಲ, ‘ನಿಧಾನ ಹೇಳಪ್ಪಾ’ ಎಂದೂ ಅನ್ನುವುದಿಲ್ಲ, ಪಾನಾ ಕೈಯಲ್ಲಿ ಹಿಡಿದು ಸುಮ್ಮನೆ ಕಾಯುತ್ತಾರೆ. ಅದೇ ಸರಿಯಾದ ರೀತಿಯೆಂದು ನಮಗೆ ವಾಕ್ ಚಿಕಿತ್ಸಕರು ಹೇಳಿದ್ದು ಎಷ್ಟೋ ತಿಂಗಳ ನಂತರ. ಉಗ್ಗು ಅಂಜಿಕೆಯಿಂದ ಹುಟ್ಟುವುದಲ್ಲ, ಆದರೆ ಅಣಕದಿಂದ ಮಗು ಮಾತನ್ನೇ ಬಿಡಬಹುದು ಎಂಬುದನ್ನೂ ಅವರೇ ತಿಳಿಸಿದರು. (ನಿಮ್ಮ ಮಗನಿಗೂ ಇದೇ ತೊಂದರೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ವಿಚಾರಿಸಿ, 1965ರಿಂದ ಇದೇ ಕ್ಷೇತ್ರದಲ್ಲಿರುವ ಸಂಸ್ಥೆ ಅದು.)

ಈಗಲೂ ಅವನು ಉಗ್ಗುತ್ತಾನೆ. ನೀರಿನ ಬಾಟಲಿ ಮಾತ್ರ ಖಾಲಿಯಾಗಿ ಬರುತ್ತದೆ.

ಶಾಲೆ ಬದಲಿಸುವುದನ್ನು ನಾನು ಸೋಲೆಂದು ಹೇಳುವುದಿಲ್ಲ. ಲಿಖಿತ ದೂರು ಕೊಟ್ಟು, ಏನು ಮಾಡುತ್ತೀರೆಂದು ಕೇಳಿ, ಮೂರು ನಾಲ್ಕು ವಾರ ಕಾದರೂ ಶಾಲೆ ‘ಹುಡುಗ್ರು ಅಂದ್ರ ಹಂಗ’ ಎನ್ನುತ್ತಿದ್ದರೆ ಟಿಸಿ ತೆಗೆದುಕೊಳ್ಳಿ. ಮಗುವಿಗೆ ಏಟು ಬೀಳುತ್ತಿದ್ದರೆ ಅಷ್ಟೂ ಕಾಯಬೇಡಿ. ತೆಗೆದುಕೊಳ್ಳುವ ಮೊದಲು ಹೊಸ ಶಾಲೆಯನ್ನು ಅವನೇ ಒಮ್ಮೆ ನೋಡಿ ಬರಲಿ, ಅಲ್ಲಿನ ತರಗತಿಯ ಶಿಕ್ಷಕರಿಗೆ ನಡೆದದ್ದನ್ನು ನೀವೇ ಮೊದಲು ತಿಳಿಸಿ. ಮಗನಿಗೆ ಮಾತ್ರ ‘ನಿನ್ನ ಸಲುವಾಗಿ ಸಾಲಿ ಬಿಡಿಸಿದಿವಿ’ ಎಂದು ಹೇಳಬೇಡಿ. ಆ ಸಾಲಿ ನಮಗೆ ಸರಿ ಬರಲಿಲ್ಲ ಎಂದು ಹೇಳಿ, ಅದು ನಿಜವೂ ಹೌದು.