ಧ್ವಜ ಅರ್ಧಕ್ಕಿಳಿದ ದಿನ ದೋಣಿ ನೀರಿಗಿಳಿಯಬಹುದೇ?

2024ರ ಡಿಸೆಂಬರ್ ತಿಂಗಳೊಂದರಲ್ಲೇ ನಮ್ಮ ರಾಜ್ಯ ಎರಡು ಶೋಕಾಚರಣೆ ಕಂಡಿತು. 10ರಂದು ಎಸ್.ಎಂ. ಕೃಷ್ಣ ತೀರಿಕೊಂಡಾಗ ಮೂರು ದಿನ, 26ರಂದು ಮನಮೋಹನ ಸಿಂಗ್ ತೀರಿಕೊಂಡಾಗ ಏಳು ದಿನ. ಅಡಿಕೆ ಕೊಯ್ಲು, ಯಕ್ಷಗಾನದ ಆಟ, ಮೀನುಗಾರಿಕೆ ಮೂರೂ ಒಟ್ಟಿಗೆ ಬರುವ ತಿಂಗಳು ಅದು. ಅಂಥ ದಿನ ಏನು ನಿಲ್ಲಿಸಬೇಕು, ಏನು ನಡೆಸಬೇಕು ಎಂದು ಕಾರವಾರದಿಂದ ಸಿರ್ಸಿವರೆಗಿನ ಓದುಗರು ಕೇಳಿದ್ದಾರೆ.

ಪ್ರಶ್ನೆ: ಏಳು ದಿನ ಶೋಕ ಎಂದರೆ ಏಳು ದಿನ ರಜೆಯೇ? ವಾಟ್ಸಾಪ್‌ನಲ್ಲಿ ಹಾಗೆಂದು ಚೀಟಿ ಓಡಾಡುತ್ತದೆ. (ಅಂಕೋಲಾ)

ಉತ್ತರ: ಇಲ್ಲ. ಶೋಕದ ಆದೇಶದಲ್ಲಿ ಮುಖ್ಯವಾಗಿ ಇರುವುದು ಎರಡೇ ಮಾತು. ನಿತ್ಯ ಧ್ವಜ ಹಾರುವ ಕಟ್ಟಡಗಳ ಮೇಲೆ ಅದನ್ನು ಅರ್ಧಕ್ಕೆ ಹಾರಿಸಬೇಕು. ಸರ್ಕಾರದ ಕಡೆಯಿಂದ ಮನರಂಜನೆಯ ಕಾರ್ಯಕ್ರಮ ಇರಬಾರದು. ಅಂಗಡಿ, ಗದ್ದೆ, ದೋಣಿ, ಮದುವೆಮನೆ ಇವು ಯಾವುದರ ಹೆಸರೂ ಅದರಲ್ಲಿಲ್ಲ. ದಿನಗಳ ಲೆಕ್ಕವೂ ಒಂದೇ ಸಮ ಇರುವುದಿಲ್ಲ. 2022ರ ಫೆಬ್ರವರಿಯಲ್ಲಿ ಲತಾ ಮಂಗೇಶ್ಕರ್ ಅವರಿಗೆ ಎರಡು ದಿನ, ಅದೇ ವರ್ಷ ಸೆಪ್ಟೆಂಬರ್ 11ರಂದು ಬ್ರಿಟನ್ ರಾಣಿ ಎಲಿಜಬೆತ್ ಅವರಿಗೆ ಒಂದೇ ದಿನ.

ರಜೆಗೆ ಬೇರೆಯೇ ಆದೇಶ ಬೇಕು. ಆ ಡಿಸೆಂಬರಿನಲ್ಲಿ ಶಾಲೆ, ಕಚೇರಿಗಳಿಗೆ ರಜೆ ಸಿಕ್ಕಿದ್ದು 11ನೇ ತಾರೀಕು ಒಂದು ದಿನ, 27ನೇ ತಾರೀಕು ಒಂದು ದಿನ, ಅಷ್ಟೇ. ಬ್ಯಾಂಕಿನ ಮಾತು ಮತ್ತೂ ಬೇರೆ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ 25ನೇ ಕಲಮಿನಡಿ ರಜೆ ಸಾರಿದರೆ ಮಾತ್ರ ಬ್ಯಾಂಕ್ ಮುಚ್ಚುತ್ತದೆ. ಆದೇಶದಲ್ಲಿ ಈ ಕಾಯ್ದೆಯ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಸಾಲದ ಕಂತಿಗೂ ಚೆಕ್ಕಿಗೂ ಅದೇ ದಿನ ಲೆಕ್ಕ.

ಪ್ರಶ್ನೆ: ಶೋಕವೆಂದು ಬಂದರನ್ನು ಒಂದು ದಿನ ಪೂರ್ತಿ ಬಂದ್ ಮಾಡೋಣ ಎಂಬ ಮಾತು ನಮ್ಮಲ್ಲಿದೆ. ಸರಿಯೇ? (ತದಡಿ)

ಉತ್ತರ: ಗೌರವ ತೋರಿಸಬೇಕೆಂಬ ನಿಮ್ಮ ಮನಸ್ಸು ದೊಡ್ಡದು. ಆದರೆ ಹೊರಡುವ ಬೋಟು, ಬರುವ ಬೋಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಬೋಟುಗಳನ್ನು ಹಿಂದಿನ ಸಂಜೆಯೇ ಮಾತಾಡಿಕೊಂಡು ನಿಲ್ಲಿಸಬಹುದು. ಡೀಸೆಲ್, ಐಸ್ ತುಂಬುವ ಮೊದಲೇ ಹೇಳಿದರೆ ಯಾರಿಗೂ ನಷ್ಟವಿಲ್ಲ. ಐಸ್ ತುಂಬಿದ ಮೇಲೆ ಬೆಳಗಿನ ಜಾವ ಹೇಳಿದರೆ ಆ ಐಸ್ ಕರಗಿ ನೀರು.

ವಾರಗಟ್ಟಲೆ ಸಮುದ್ರದಲ್ಲಿದ್ದು ಬರುವ ಟ್ರಾಲ್ ಬೋಟನ್ನು ಮಾತ್ರ ದಕ್ಕೆಯಲ್ಲಿ (ಮೀನು ಇಳಿಸುವ ಕಟ್ಟೆಯಲ್ಲಿ) ಕಾಯಿಸಬೇಡಿ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಬೋಟು ದಡದಲ್ಲಿ ನಿಂತಷ್ಟೂ ಹೊತ್ತು ಅದು ಕರಗುತ್ತಲೇ ಇರುತ್ತದೆ. ತಾರ್ಲೆ ಮೀನಿನ ಹೊಟ್ಟೆ ಬಹಳ ಬೇಗ ಒಡೆಯುತ್ತದೆ. ಬಂಗಡೆಯದು ಇನ್ನೂ ಅಪಾಯ: ತಂಪು ತಪ್ಪಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಹೋಗದು. ತಿಂದವರಿಗೆ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಶೋಕದ ಹೆಸರಿನಲ್ಲಿ ತಡೆದ ಮೀನು ಮರುದಿನ ಯಾರದೋ ಮನೆಯ ಸಾರಿಗೆ ಹೋಗುತ್ತದೆ ಎಂಬುದು ನೆನಪಿರಲಿ. ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಅಂದಿನ ದುಡಿಮೆಯೇ ಅಂದಿನ ಅಕ್ಕಿ.

ಬಂದ ಬೋಟು ಇಳಿಸಿ, ಹರಾಜು ನಡೆಸಿ. ಅಂತ್ಯಕ್ರಿಯೆಯ ಹೊತ್ತಿಗೆ ಕೂಗು ನಿಲ್ಲಿಸಿ, ಎಲ್ಲರೂ ಎರಡು ನಿಮಿಷ ಎದ್ದು ನಿಲ್ಲಿ. ದಕ್ಕೆಯಲ್ಲಿ ಎರಡು ನಿಮಿಷ ಮೌನವೆಂದರೆ ಸಣ್ಣ ಗೌರವವಲ್ಲ.

ಪ್ರಶ್ನೆ: ಮರವೇರಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಬರುವ ದಿನವೇ ರಜೆ ಸಾರಿದರೆ ಅಡಿಕೆ ಕೆಲಸ? (ಸಿದ್ದಾಪುರ)

ಉತ್ತರ: ಕೊಯ್ಲು ಶುರುವಾಗಿಲ್ಲದಿದ್ದರೆ ಒಂದು ದಿನ ಮುಂದೆ ಹಾಕಬಹುದು, ಆದರೆ ಕೊನೆಗೌಡರು ಮತ್ತೆ ಯಾವಾಗ ಸಿಗುತ್ತಾರೆಂದು ಮೊದಲು ಕೇಳಿಕೊಳ್ಳಿ. ಸುಲಿದಾಗಿದ್ದರೆ ನಿಲ್ಲಿಸುವ ಮಾತೇ ಬೇಡ. ಸುಲಿದ ಹಸಿ ಅಡಿಕೆ ಅಂದೇ ಹಂಡೆಗೆ ಬಿದ್ದು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ) ಬೇಯಬೇಕು. ರಾಶಿ ಹಾಕಿಟ್ಟರೆ ಬಿಸಿಯೇರಿ, ಬಣ್ಣ ಕಪ್ಪಿಟ್ಟು, ಬೂಷ್ಟು ಹಿಡಿಯುತ್ತದೆ. ವ್ಯಾಪಾರಕ್ಕೆ ಒಯ್ಯುವ ಮೊದಲು ಮಾತ್ರ ಅಡಿಕೆ ಮಾರಾಟದ ಸಹಕಾರಿ ಸಂಘಕ್ಕೆ ಫೋನ್ ಮಾಡಿ. ಟೆಂಡರ್ ಇಲ್ಲದ ದಿನ ಸಿರ್ಸಿಗೆ ಗಾಡಿ ಬಾಡಿಗೆ ದಂಡ.

ಪ್ರಶ್ನೆ: ಶೋಕದ ವಾರದಲ್ಲೇ ನಮ್ಮ ಹರಕೆ ಆಟ, ಮರುದಿನ ತಂಗಿಯ ಮದುವೆ. ಜನ ಏನಂದಾರು? (ಹೊನ್ನಾವರ)

ಉತ್ತರ: ಆಟದ ಮಾತು ಮೊದಲು. ಜಿಲ್ಲಾಡಳಿತ ನಡೆಸುವ ಉತ್ಸವ ಮುಂದೆ ಹೋಗಲೇಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅನುದಾನದಲ್ಲಿ ನಡೆಯುವುದಾದರೆ ಇಲಾಖೆಯನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಸ್ವಂತ ಹರಕೆಯ ಆಟಕ್ಕೆ ಅಡ್ಡಿಯಿಲ್ಲ. ಪೊಲೀಸ್ ಠಾಣೆಗೆ ಹೋಗಿ ಮೈಕಿನ ಪರವಾನಗಿ ಹಾಗೇ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ‘ಮುಂದಿನ ವಾರ ಮಾಡೋಣ’ ಎನ್ನುವುದು ಬಾಯಿಗೆ ಸುಲಭ. ಮಳೆಗಾಲದವರೆಗೂ ಮೇಳದ ಡೈರಿ ತುಂಬಿರುತ್ತದೆ, ತಪ್ಪಿದ ರಾತ್ರಿಯ ನಷ್ಟ ಕೊನೆಗೆ ಬೀಳುವುದು ವೇಷಧಾರಿಯ, ಚೌಕಿಯಲ್ಲಿ (ವೇಷ ಕಟ್ಟುವ ಬಣ್ಣದ ಮನೆಯಲ್ಲಿ) ದುಡಿಯುವವರ ಮೇಲೆ. ಪಟಾಕಿ, ಮೆರವಣಿಗೆ, ಸನ್ಮಾನದ ಭಾಷಣ ಬಿಡಿ. ಚೌಕಿ ಪೂಜೆ ಮುಗಿದು ಚಂಡೆ ಏಳುವ ಮೊದಲು ಸಭೆಯನ್ನು ಎಬ್ಬಿಸಿ ಮೌನ ಆಚರಿಸಿ.

ಮದುವೆಗೆ ನಮ್ಮ ಹಿರಿಯರೇ ದಾರಿ ಹಾಕಿಟ್ಟಿದ್ದಾರೆ. ಮದುವೆಗೆ ಮೊದಲು ಪಿತೃಗಳನ್ನು ನೆನೆದು ಮಾಡುವ ನಾಂದಿ ಆದ ಮೇಲೆ ಸ್ವಂತ ದಾಯಾದಿಯ ಸೂತಕವೂ ಆ ಮದುವೆಯನ್ನು ತಡೆಯುವುದಿಲ್ಲ. ಸ್ಮೃತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಶಲಕರ್ಮಿ, ವೈದ್ಯ, ಸೇವಕ, ರಾಜ ಇವರಿಗೆ ತಮ್ಮ ಕೆಲಸದ ಮಟ್ಟಿಗೆ ತಕ್ಷಣವೇ ಶುದ್ಧಿ ಹೇಳಿವೆ. ರಕ್ತಸಂಬಂಧದ ಸಾವಿಗೇ ಇಷ್ಟು ವಿವೇಕ ಇಟ್ಟುಕೊಂಡ ಸಂಪ್ರದಾಯ ನಮ್ಮದು. ಬ್ಯಾಂಡು, ಡಿಜೆ ಬೇಡ. ತಾಳಿ ಕಟ್ಟುವ ವಾದ್ಯ, ಊಟ ಎಂದಿನಂತೆ ಇರಲಿ. ಜನರ ಮಾತಿಗೆ ಹೆದರಿ ಮುಹೂರ್ತ ಬಿಡಬೇಡಿ.

ಪ್ರಶ್ನೆ: ಅಂಗಡಿ ಮುಚ್ಚಿ ಎಂದು ಗುಂಪು ಬಂದು ಗದರಿಸಿದರೆ? (ಕುಮಟಾ)

ಉತ್ತರ: ಯಾರಿಗೂ ಆ ಹಕ್ಕಿಲ್ಲ. ಬಲವಂತದ ಬಂದ್ ಕಾನೂನುಬಾಹಿರ ಎಂಬ ಕೇರಳ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 1997ರಲ್ಲೇ ಎತ್ತಿಹಿಡಿದಿದೆ. ವಾದಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ. ಔಷಧಿ ಅಂಗಡಿ, ಹಾಲಿನ ಬೂತು ಯಾವ ಕಾರಣಕ್ಕೂ ಮುಚ್ಚಬಾರದು.

ಪ್ರಶ್ನೆ: ಶಾಲೆಯ ಧ್ವಜ ಅರ್ಧಕ್ಕೆ ಹಾರಿಸುವ ಸರಿಯಾದ ಕ್ರಮ ತಿಳಿಸಿ. (ಕಾರವಾರದ ಶಿಕ್ಷಕಿ)

ಉತ್ತರ: ನಿಮ್ಮ ಶಾಲೆಯಲ್ಲಿ ನಿತ್ಯ ಧ್ವಜ ಹಾರುತ್ತದೆಯೇ? ಇಲ್ಲದಿದ್ದರೆ ಶೋಕಕ್ಕೆಂದೇ ಹೊಸದಾಗಿ ಏರಿಸಬೇಕಿಲ್ಲ. ಹಾರುವುದಾದರೆ, ಮೊದಲು ಚುರುಕಾಗಿ ತುದಿಯವರೆಗೂ ಏರಿಸಬೇಕು, ಅಲ್ಲಿ ಒಂದು ಕ್ಷಣ ನಿಲ್ಲಿಸಿ, ಆಮೇಲೆ ನಿಧಾನವಾಗಿ ಅರ್ಧಕ್ಕೆ ಇಳಿಸಬೇಕು. ಸಂಜೆ ಬಿಚ್ಚುವಾಗಲೂ ಅರ್ಧದಿಂದ ನೇರ ಕೆಳಗೆ ಎಳೆಯುವಂತಿಲ್ಲ. ಮತ್ತೆ ತುದಿ ಮುಟ್ಟಿಸಿಯೇ ಇಳಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಆಗಸ್ಟ್ 15ಕ್ಕೆ ಮಾಡುವಂತೆ ಹೂವು ತುಂಬಿ ಗಂಟು ಕಟ್ಟಿ ಮೇಲೆ ಬಿಚ್ಚುವ ಪದ್ಧತಿ ಅಂದು ಬೇಡ, ಬಿಡಿಸಿಕೊಂಡೇ ಏರಿಸಿ.

ಅರ್ಧ ಎಲ್ಲಿ ಎಂದು ಅಂದಾಜಿನಲ್ಲಿ ಎಳೆಯಬೇಡಿ. ಹಿಂದಿನ ದಿನವೇ ಕಂಬ ಅಳೆದು, ಧ್ವಜ ಅರ್ಧಕ್ಕೆ ಬಂದಾಗ ನಿಮ್ಮ ಕೈಗೆ ಸಿಗುವ ಹಗ್ಗದ ಜಾಗಕ್ಕೆ ಒಂದು ಬಣ್ಣದ ದಾರ ಸುತ್ತಿಡಿ. ಕಾರವಾರದ ಕಡಲ ಗಾಳಿಗೆ ಸಡಿಲು ಹಗ್ಗ ಜಾರಿ ಮಧ್ಯಾಹ್ನದೊಳಗೆ ಧ್ವಜ ಮುಕ್ಕಾಲು ಕೆಳಗೆ ಬಂದಿರುತ್ತದೆ, ಆದ್ದರಿಂದ ಕೊಕ್ಕೆಗೆ ಎಂಟರ ಆಕಾರದಲ್ಲಿ ಮೂರ್ನಾಲ್ಕು ಸುತ್ತು ಹಾಕಿ ಬಿಗಿಯಿರಿ. ಉಪ್ಪುಗಾಳಿಗೆ ಮೇಲಿನ ರಾಟೆ ತುಕ್ಕು ಹಿಡಿದಿದ್ದರೆ ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬರಿ ಹಗ್ಗ ಒಮ್ಮೆ ಓಡಿಸಿ ನೋಡಿ.

ಊರಿನ ಹಿರಿಯರೊಬ್ಬರು ತೀರಿಕೊಂಡರೆಂದು ನೀವಾಗಿಯೇ ಧ್ವಜ ಅರ್ಧಕ್ಕಿಳಿಸಬೇಡಿ. ಸರ್ಕಾರದ ಸೂಚನೆಯಿಲ್ಲದೆ ಹಾಗೆ ಮಾಡುವುದು 1971ರ ರಾಷ್ಟ್ರೀಯ ಗೌರವ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು.

ಪ್ರಶ್ನೆ: ಶೋಕದ ನಡುವೆ ಜನವರಿ 26 ಬಂದರೆ? ಮತ್ತು ಜನವರಿ 30ರ ಮೌನ ಕಡ್ಡಾಯವೇ? (ಸಿರ್ಸಿ)

ಉತ್ತರ: 26ರಂದು ಧ್ವಜ ಪೂರ್ತಿ ಮೇಲೆ. ಆಗಸ್ಟ್ 15, ಗಾಂಧಿ ಜಯಂತಿ, ರಾಜ್ಯೋತ್ಸವಕ್ಕೂ ಹೀಗೆಯೇ. ಪಾರ್ಥಿವ ಶರೀರ ಇರಿಸಿದ ಕಟ್ಟಡದ ಮೇಲೆ ಮಾತ್ರ ಅರ್ಧ, ಶರೀರ ಹೊರಗೆ ಹೋದ ಮೇಲೆ ಅಲ್ಲಿಯೂ ಪೂರ್ತಿ.

ಹುತಾತ್ಮರ ದಿನದಂದು, ಜನವರಿ 30ರ ಬೆಳಿಗ್ಗೆ 11ಕ್ಕೆ, ಸರ್ಕಾರವೇ ದೇಶವಿಡೀ ಕೆಲಸ, ಓಡಾಟ ನಿಲ್ಲಿಸಿ ಎಂದು ಕೇಳುತ್ತದೆ, ಅದೂ ಎರಡು ನಿಮಿಷ. ಸೈರನ್ ಇರುವಲ್ಲಿ 10.59ರಿಂದ 11ರವರೆಗೆ ಕೂಗುತ್ತದೆ, ಮುಗಿಯಿತೆಂದು ತಿಳಿಸಲು 11.02ರಿಂದ 11.03ರವರೆಗೆ ಮತ್ತೆ. ಸೈರನ್ ಇಲ್ಲದ ಕಡೆ ಒಬ್ಬರು ಗಡಿಯಾರ ನೋಡಿ ಗಂಟೆ ಬಾರಿಸಿದರೆ ಸಾಕು. ದೇವಿಮನೆ ಘಟ್ಟದ ತಿರುವಿನಲ್ಲಿರುವ ಚಾಲಕರು ಅಲ್ಲೇ ಬ್ರೇಕ್ ಹಾಕಬಾರದು. ಅಗಲ ಜಾಗ ಸಿಕ್ಕ ಮೇಲೆ ಬದಿಗೆ ನಿಲ್ಲಿಸಿ ಮೌನ ಆಚರಿಸಿ.