ರಾಗಿಯೋ ನುಗ್ಗೆ ಸೊಪ್ಪೋ: ಅತ್ತೆ ಸೊಸೆ ಮಾತು ಬಿಟ್ಟ ಒಂದು ಪ್ರಕರಣ

ಈ ಪ್ರಕರಣ ಬರೆಯಲು ನನ್ನ ಹತ್ತಿರ ಸಲಹೆಗೆ ಬಂದಿದ್ದ ಸೊಸೆಯ ಒಪ್ಪಿಗೆ ಇದೆ. ಹೆಸರು, ಊರು ಹಾಕಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಂಡ್ಯ ಕಡೆಯ ಕುಟುಂಬ. ಆಕೆಗೆ ಮೂವತ್ತೈದು ದಾಟಿದೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಎಂಟನೇ ಕ್ಲಾಸಿನ ಮಗಳು.

ಊಟದ ವಿಷಯ ಕೇಳಬೇಕು ಅಂತ ಆಕೆ ಬಂದಿರಲಿಲ್ಲ. "ಅತ್ತೆ ಮಾತು ಬಿಟ್ಟಿದ್ದಾರೆ ಮೇಡಂ, ಕೆಲಸ ಮುಗಿದ ಮೇಲೆ ಮನೆಗೆ ಹೋಗೋಕೇ ಮನಸ್ಸಾಗಲ್ಲ" ಎಂದು ಶುರು ಮಾಡಿದರು. ಕೇಳುತ್ತಾ ಹೋದಂತೆ ಜಗಳದ ಬುಡ ಸಿಕ್ಕಿತು. ಅತ್ತೆ ಮಾಡುವ ರಾಗಿ ಮುದ್ದೆಯನ್ನು ಆಕೆ ಬಿಟ್ಟಿದ್ದರು. ಅದರ ಬದಲು ದುಡ್ಡು ಕೊಟ್ಟು ತಂದ ನುಗ್ಗೆ ಸೊಪ್ಪಿನ ಪುಡಿಯನ್ನು ಬಿಸಿ ನೀರಿಗೆ ಕಲಸಿ ಕುಡಿಯುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಕೆಲವು ತಿಂಗಳಿಂದ ವಿಪರೀತ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.9 ಬಂದಿತ್ತು. ಗರ್ಭಿಣಿಯಲ್ಲದ ಹೆಂಗಸಿಗೆ ಅದು ಕನಿಷ್ಠ 12 ಇರಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದರು. ಕೆಲವು ದಿನ ನುಂಗಿದ್ದರು. ಹೊಟ್ಟೆ ತೊಳಸಿತು, ಮಲ ಕಪ್ಪಗಾಯಿತು. ಹೆದರಿ ನಿಲ್ಲಿಸಿಬಿಟ್ಟರು. ಆಮೇಲೆ ಜೊತೆ ಕೆಲಸದವರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ನುಗ್ಗೆ ಸೊಪ್ಪಿನಲ್ಲಿ ಹಾಲಿಗಿಂತ 17 ಪಟ್ಟು ಜಾಸ್ತಿ ಕ್ಯಾಲ್ಸಿಯಂ, ಪಾಲಕ್‌ಗಿಂತ 25 ಪಟ್ಟು ಜಾಸ್ತಿ ಕಬ್ಬಿಣ ಅಂತ ಅದರಲ್ಲಿ ಹೇಳಿದ್ದರಂತೆ. ದಪ್ಪ ಆಗ್ತೀನಿ ಅನ್ನೋ ಭಯವೂ ಇತ್ತು, ಹಾಗಾಗಿ ಮುದ್ದೆ ಬಿಟ್ಟರು.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಮೊದಲು ಅವರೊಬ್ಬರ ಜೊತೆಯೇ ಕೂತೆ. ಸಿಟ್ಟಿಗಿಂತ ನೋವು ಜಾಸ್ತಿ ಇತ್ತು. "ನಾನು ಈ ವಯಸ್ಸಲ್ಲೂ ಹಿಟ್ಟು ತೊಳಸಿ ಇಡ್ತೀನಿ ಕಣವ್ವ. ಅವಳು ಮುಟ್ಟೋದೇ ಇಲ್ಲ. ರಾಗಿ ತಿಂದೋನು ನಿರೋಗಿ ಅಂತ ನಮ್ಮ ಹಿರೀಕರು ಸುಮ್ನೆ ಅಂದವ್ರಾ? ನಾನು ಗದ್ದೆ ಕೆಲ್ಸ ಮಾಡಿದ್ದು ಹಿಟ್ಟು ಉಂಡೇ ಅಲ್ವಾ?" ಎಂದರು. ತಾನು ಮಾಡಿದ ಅಡುಗೆ ಬೇಡ ಅಂದರೆ ತಾನೇ ಬೇಡ ಅಂದಂತೆ ಎಂದು ಅವರಿಗೆ ಅನಿಸಿತ್ತು. ಸೊಸೆಗೆ ಆ ಯೋಚನೆಯೇ ಇರಲಿಲ್ಲ. ಆಕೆ ತನ್ನ ಸುಸ್ತಿಗೆ ಒಂದು ದಾರಿ ಹುಡುಕುತ್ತಿದ್ದರು, ಅಷ್ಟೇ.

ಇಬ್ಬರಿಗೂ ಒಂದೇ ಮಾತು ಹೇಳಿದೆ. ಯಾವುದರಲ್ಲಿ ಎಷ್ಟಿದೆ ಅಂತ ಒಟ್ಟಿಗೆ ಕೂತು ನೋಡೋಣ, ಮನೆಯಿಂದ ಸ್ವಲ್ಪ ರಾಗಿ ಹಿಟ್ಟು, ಆ ಪುಡಿ, ಒಂದಷ್ಟು ಹಸಿ ನುಗ್ಗೆ ಸೊಪ್ಪು ತನ್ನಿ ಎಂದೆ. ಹಸಿ ಸೊಪ್ಪು ಎಲ್ಲಿಂದ ತರುವುದು ಅನ್ನೋ ಮಾತು ಬಂದಾಗ ಅತ್ತೆ ಹೇಳಿದರು: "ಹಿತ್ತಲಲ್ಲೇ ಮರ ಅದೆ. ಕಾಯಿ ಕಿತ್ಕತೀವಿ, ಸೊಪ್ಪು ಮೇಕೆಗೆ ಹಾಕ್ತೀವಿ." ಸೊಸೆ ತಲೆ ತಗ್ಗಿಸಿ ಕೂತಿದ್ದರು.

ಸೊಪ್ಪು ಬಂತು. ತೂಕದ ಯಂತ್ರ ಮೇಜಿನ ಮೇಲಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೆ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 364 ಮಿಲಿಗ್ರಾಂ. 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 314. ಕಬ್ಬಿಣ ಎರಡರಲ್ಲೂ ಸರಿಸುಮಾರು ನಾಲ್ಕೂವರೆ ಮಿಲಿಗ್ರಾಂ. ಪ್ರೋಟೀನ್ ರಾಗಿಯಲ್ಲಿ 7 ಗ್ರಾಂ ಚಿಲ್ಲರೆ, ಸೊಪ್ಪಿನಲ್ಲಿ ಆರೂವರೆಯ ಹತ್ತಿರ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ಹತ್ತಿರ ಹತ್ತಿರ ಇರುತ್ತೆ ಅಂತ ಇಬ್ಬರೂ ಎಣಿಸಿರಲಿಲ್ಲ.

ಆದರೆ 100 ಗ್ರಾಂ ಅನ್ನುವ ಲೆಕ್ಕದಲ್ಲೇ ಒಂದು ತೊಡಕಿದೆ. ನಾನು ಜಾಸ್ತಿ ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ರಾಗಿ ಒಣ ಕಾಳು, ಅದರಲ್ಲಿರುವ ನೀರು ನೂರಕ್ಕೆ ಹತ್ತು ಹನ್ನೊಂದು ಪಾಲು ಮಾತ್ರ. ಹಾಗಾಗಿ 100 ಗ್ರಾಂ ರಾಗಿಯಿಂದ 320 ಕ್ಯಾಲರಿ ಸಿಕ್ಕರೆ ಅಷ್ಟೇ ತೂಕದ ಸೊಪ್ಪಿನಿಂದ ಬರುವುದು 70ರ ಒಳಗೆ. ಜೊತೆಗೆ ನಾವು ಎರಡನ್ನೂ ಒಂದೇ ತೂಕಕ್ಕೆ ತಿನ್ನುವುದಿಲ್ಲ. ಅತ್ತೆ ಒಂದು ಮುದ್ದೆಗೆ ಹಾಕುವ ಹಿಟ್ಟನ್ನು ತೂಗಿಸಿದೆ, 100 ಗ್ರಾಂ ಹತ್ತಿರ ಬಂತು. 100 ಗ್ರಾಂ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ ಇಟ್ಟಾಗ ದೊಡ್ಡ ಬಟ್ಟಲು ತುಂಬಿ ಚೆಲ್ಲಿತು. ಒಬ್ಬರು ಒಂದು ಹೊತ್ತಿಗೆ ಅದರಲ್ಲಿ ಅರ್ಧ ತಿಂದರೆ ಹೆಚ್ಚು.

ಕೊನೆಗೆ ಪುಡಿ. ಆಕೆ ದಿನಾ ಹಾಕಿಕೊಳ್ಳುತ್ತಿದ್ದ ಒಂದು ಚಮಚ ಪುಡಿ 3 ಗ್ರಾಂ ತೂಗಿತು. ಅದು ಸುಮಾರು 12 ಗ್ರಾಂ ಹಸಿ ಸೊಪ್ಪಿಗೆ ಸಮ. ಆ ಲೆಕ್ಕಕ್ಕೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ, 40 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ಆ ಒಂದು ಚಮಚಕ್ಕಾಗಿ ಆಕೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಮುದ್ದೆಯನ್ನು ಬಿಟ್ಟಿದ್ದರು. ಹಾಲಿಗಿಂತ 17 ಪಟ್ಟು ಅನ್ನುವುದು ನೀರು ಹೋದ ಒಣ ಪುಡಿಯನ್ನು ನೀರೇ ಜಾಸ್ತಿ ಇರುವ ಹಾಲಿನ ಪಕ್ಕ ಇಟ್ಟು, ತೂಕಕ್ಕೆ ತೂಕ ಹೋಲಿಸಿದ ಲೆಕ್ಕ. ಹಾಲನ್ನು ಲೋಟಗಟ್ಟಲೆ ಕುಡಿಯುತ್ತೇವೆ, ಪುಡಿಯನ್ನು ಯಾರೂ ಲೋಟಗಟ್ಟಲೆ ತಿನ್ನುವುದಿಲ್ಲ. ಇಂಥ ವಿಡಿಯೋಗಳನ್ನು ನಂಬಿ ಬರುವ ಹೆಂಗಸರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಷ್ಟಪಟ್ಟು ದುಡಿದ ದುಡ್ಡು ಹೋಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಅತ್ತೆಯ ಮುಖದಲ್ಲಿ ಗೆಲುವು ಕಂಡಿತು. ಆದರೆ ಅವರಿಗೂ ಹೇಳಬೇಕಾದದ್ದು ಇತ್ತು. "ಅಮ್ಮ, ನಿಮ್ಮ ಮುದ್ದೆ ಗಟ್ಟಿ ಊಟವೇ. ಆದರೆ ರಾಗಿಯಲ್ಲಿ ಸಿ ಜೀವಸತ್ವ ಇಲ್ಲ. ಎ ಜೀವಸತ್ವ ಕೊಡುವ ಅಂಶವೂ ಇಲ್ಲ ಅನ್ನುವಷ್ಟು ಕಡಿಮೆ. ಅವೆರಡೂ ಸೊಪ್ಪಿನಲ್ಲಿ ತುಂಬಿವೆ. ರಾಗಿಯಲ್ಲಿರುವ ಕಬ್ಬಿಣ ಪೂರ್ತಿ ಮೈಗೆ ಹತ್ತುವುದೂ ಇಲ್ಲ" ಎಂದೆ. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ, ಸಿಪ್ಪೆಯ ಒಗರು ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಬಿಡಿಸಲು ಸಹಾಯ ಮಾಡುವುದು ಸಿ ಜೀವಸತ್ವ. ನುಗ್ಗೆ ಸೊಪ್ಪಿನಲ್ಲಿ ಅದು 100 ಗ್ರಾಂಗೆ 100 ಮಿಲಿಗ್ರಾಂ ದಾಟುತ್ತದೆ. ಬೇಯಿಸಿದಾಗ ಬಹಳಷ್ಟು ಹೋಗುತ್ತದೆ ನಿಜ, ಅದಕ್ಕೇ ಸಾರಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ಎ ಜೀವಸತ್ವದ ಅಂಶ ಮಾತ್ರ ಬೆಂದರೂ ಸಾಕಷ್ಟು ಉಳಿಯುತ್ತದೆ. ಅದು ಮೈಗೆ ಹತ್ತಲು ಒಗ್ಗರಣೆಯ ಒಂದಿಷ್ಟು ಎಣ್ಣೆ ಬೇಕು.

ಆ ಮನೆಯಲ್ಲಿ ದಿನಾ ನಡೆಯುತ್ತಿದ್ದದ್ದು ಮುದ್ದೆ, ತೆಳ್ಳನೆ ಉಪ್ಸಾರು. ಸೊಪ್ಪು ವಾರಕ್ಕೊಮ್ಮೆ ಬಂದರೆ ಬಂತು. ಸೊಸೆ ಬೆಳಿಗ್ಗೆ ಗಾಡಿಗೆ ಓಡುವಾಗ ಬಾಕ್ಸಿಗೆ ಹಾಕಿಕೊಳ್ಳುತ್ತಿದ್ದದ್ದು ಬಿಳಿ ಅನ್ನ, ನಿನ್ನೆಯ ಸಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಕ್ಯಾಲ್ಸಿಯಂ 10 ಮಿಲಿಗ್ರಾಂ ಮುಟ್ಟುವುದಿಲ್ಲ. ರಾಗಿ, ನುಗ್ಗೆಯ ಜಗಳದಲ್ಲಿ ಈ ಅನ್ನದ ಬಾಕ್ಸ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಊಟ ಮುಗಿದ ತಕ್ಷಣ ಕ್ಯಾಂಟೀನ್ ಟೀ ಬೇರೆ. ಊಟದ ಕಬ್ಬಿಣ ಮೈಗೆ ಹತ್ತದಂತೆ ಟೀ ತಡೆಯುತ್ತದೆ.

ಇನ್ನೊಂದು ಪ್ರಶ್ನೆ ಕೇಳಿದೆ. ಭಾನುವಾರ ಬಾಡೂಟ ಮಾಡಿದಾಗ ತುಂಡು ಯಾರಿಗೆ ಹೋಗುತ್ತದೆ? ಇಬ್ಬರೂ ಒಟ್ಟಿಗೆ ಹೇಳಿದರು, ಗಂಡಸರಿಗೆ, ಆಮೇಲೆ ಮಗುವಿಗೆ. ಇವರಿಬ್ಬರಿಗೂ ಉಳಿಯುವುದು ರಸ. ಮಾಂಸದ ಕಬ್ಬಿಣ ಸೊಪ್ಪು, ಕಾಳಿನ ಕಬ್ಬಿಣಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಜೊತೆಗೆ ಉಂಡ ಮುದ್ದೆಯ ಕಬ್ಬಿಣಕ್ಕೂ ದಾರಿ ಮಾಡಿಕೊಡುತ್ತದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರು ಹೆಂಗಸರು. ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ, ಗಂಡಸಿಗೆ 19. ತಟ್ಟೆಗೆ ಬಡಿಸುವಾಗ ಮಾತ್ರ ಇದು ತಲೆಕೆಳಗಾಗುತ್ತದೆ. ಮುಂದಿನ ಭೇಟಿಗೆ ಗಂಡನನ್ನೂ ಕರೆಸಿ ಈ ಮಾತನ್ನು ಅವರಿಗೇ ನೇರವಾಗಿ ಹೇಳಿದೆ. "ನಾವು ಬೇಡ ಅಂದಿಲ್ಲ ಮೇಡಂ, ಅವರೇ ಹಾಕ್ಕೊಳ್ಳಲ್ಲ" ಎಂದರು. ಹಾಗಾದರೆ ನೀವೇ ಬಡಿಸಿ ಎಂದೆ. ಒಪ್ಪಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲನೆಯದು ಮಾತ್ರೆ. ಇದರಲ್ಲಿ ರಾಜಿ ಇಲ್ಲ. ಹಿಮೋಗ್ಲೋಬಿನ್ 8.9 ಇರುವಾಗ ಊಟ ಒಂದರಿಂದಲೇ ಮೇಲೇಳುವುದು ಕಷ್ಟ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಒಂದು ಮಾತ್ರೆಯಲ್ಲೇ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಒಂದು ಇಡೀ ಮುದ್ದೆಯಲ್ಲಿ ಇರುವುದು ನಾಲ್ಕೂವರೆ. ಮಲ ಕಪ್ಪಗಾಗುವುದು ಮಾತ್ರೆಯಿಂದ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಸುಮ್ನೆ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ಊಟದ ಮೇಲೆ ಅಥವಾ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ನುಂಗಬಾರದು.

ಮುಟ್ಟಿನ ಬಗ್ಗೆ ಕೇಳಿದಾಗ ರಕ್ತಸ್ರಾವ ತುಂಬಾ ಜಾಸ್ತಿ ಅಂತ ಮೊದಲ ಸಲ ಬಾಯಿ ಬಿಟ್ಟರು. ಮೊದಲ ಡಾಕ್ಟರ ಹತ್ತಿರ ಇದನ್ನು ಹೇಳಲು ನಾಚಿಕೊಂಡಿದ್ದರಂತೆ. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಒಂದು ಕಡೆ ಸೋರುತ್ತಿದ್ದರೆ ಇನ್ನೊಂದು ಕಡೆ ಎಷ್ಟು ತುಂಬಿದರೂ ನಿಲ್ಲುವುದಿಲ್ಲ, ಅಲ್ವಾ.

ಊಟದ ವಿಷಯದಲ್ಲಿ ಪರಿಹಾರ ಹೇಳಿದ್ದು ಅತ್ತೆಯೇ. ಮುದ್ದೆ ಬಾಕ್ಸಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ಸೊಸೆ ಹೇಳಿದ ಕೂಡಲೇ, "ರೊಟ್ಟಿ ತಟ್ತೀನಿ, ಅದಕ್ಕೆ ನುಗ್ಗೆ ಸೊಪ್ಪು ಕಲಸ್ತೀನಿ. ನಮ್ಮವ್ವ ಮಾಡೋಳು" ಎಂದರು. ಎಷ್ಟೋ ವಾರಗಳ ನಂತರ ಸೊಸೆಯ ಕಡೆ ತಿರುಗಿ ಆಡಿದ ಮೊದಲ ಮಾತು ಅದು. ರಾಗಿ ಹಿಟ್ಟು, ಸೊಪ್ಪು, ಈರುಳ್ಳಿ, ಸ್ವಲ್ಪ ಎಣ್ಣೆ. ಕಾಳಿನಲ್ಲಿ ಇಲ್ಲದ್ದು ಸೊಪ್ಪಿನಿಂದ, ಸೊಪ್ಪಿನಲ್ಲಿ ಇಲ್ಲದ ಶಕ್ತಿ ಕಾಳಿನಿಂದ ಬರುತ್ತದೆ. ಜೊತೆಗೆ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಇಟ್ಟುಕೊಳ್ಳಲು ಹೇಳಿದೆ. ಟೀ ಊಟವಾಗಿ ಒಂದು ಗಂಟೆ ಬಿಟ್ಟು. ರಾತ್ರಿ ಮುದ್ದೆಗೆ ಬಸ್ಸಾರು ಇಲ್ಲವೇ ಮಸ್ಸೊಪ್ಪು. ಹುರಳಿ, ಅವರೆ, ಅಲಸಂದೆ ಯಾವುದಾದರೂ ಕಾಳು ಅದರಲ್ಲಿ ಇರಲಿ, ಯಾಕೆಂದರೆ ರಾಗಿಯ ಪ್ರೋಟೀನಿನಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶ ಈ ಕಾಳುಗಳಿಂದ ಸಿಗುತ್ತದೆ. ನುಗ್ಗೆಯೇ ಆಗಬೇಕೆಂದಿಲ್ಲ, ದಂಟಿನ ಸೊಪ್ಪೂ ಹೆಚ್ಚುಕಮ್ಮಿ ಇಷ್ಟೇ ಕ್ಯಾಲ್ಸಿಯಂ ಕೊಡುತ್ತದೆ. ಆಗಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಅದು ಅಂಬಲಿಗೆ ಚೆನ್ನ.

ದಪ್ಪ ಆಗುವ ಭಯದ ಬಗ್ಗೆಯೂ ಮಾತಾಡಿದೆವು. ಆಕೆಯ ತೂಕ ಎತ್ತರಕ್ಕೆ ಸರಿಯಾಗಿಯೇ ಇತ್ತು. ಒಂದು ಮುದ್ದೆ ಬಿಟ್ಟು ಸಂಜೆ ಹಸಿವಿಗೆ ಬೋಂಡ, ಬಿಸ್ಕತ್ತು ತಿನ್ನುತ್ತಿದ್ದರು. ಅದನ್ನು ಆಕೆಯೇ ಹೇಳಿದರು, ನಾನು ಮೇಲೊಂದು ಮಾತು ಸೇರಿಸಬೇಕಾಗಲಿಲ್ಲ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.1 ಆಗಿತ್ತು. ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಇರುವುದು ಸ್ಕ್ಯಾನ್‌ನಲ್ಲಿ ಗೊತ್ತಾಗಿ ಅದಕ್ಕೆ ಚಿಕಿತ್ಸೆ ನಡೆಯುತ್ತಿದೆ. ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಲು ಡಾಕ್ಟರು ಹೇಳಿದ್ದಾರೆ. ಇದರಲ್ಲಿ ಮಾತ್ರೆಯ ಪಾಲೇ ದೊಡ್ಡದು ಎಂದು ಇಬ್ಬರಿಗೂ ಬಿಡಿಸಿ ಹೇಳಿದ್ದೇನೆ, ಇಲ್ಲದಿದ್ದರೆ ನಾಳೆ ರೊಟ್ಟಿಯಿಂದಲೇ ವಾಸಿಯಾಯಿತು ಅನ್ನುವ ಮಾತು ಹಬ್ಬುತ್ತದೆ.

ಈಗ ಉಳಿದಿರುವುದು ಮಗಳ ವಿಷಯ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಅವಳು ಬ್ಯಾಗಿಗೆ ಹಾಕಿಕೊಂಡು ಬಂದು ಎಸೆಯುತ್ತಿದ್ದಾಳೆ ಎಂದು ಅಜ್ಜಿಗೆ ಗೊತ್ತಾಗಿದೆ. ಅವಳ ರಕ್ತ ಪರೀಕ್ಷೆ ಮಾಡಿಸಿ, ಮುಂದಿನ ಸಲ ಅವಳನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.