ರೈಫಲ್ ಸೈಟ್ ಸರಿಯಾಗೇ ಇದೆ, ನಿಮ್ಮ ಬೆರಳು ನೋಡಿಕೊಳ್ಳಿ

ಈ ಸಲವೂ ಅದೇ ದೂರು: "ರೈಫಲ್ ಸರಿ ಇಲ್ಲ ಸರ್." ಎನ್‌ಸಿಸಿ ಕ್ಯಾಂಪ್ ಮುಗಿದ ವಾರ ಇಂಥ ಪತ್ರ ಜಾಸ್ತಿ. ಹಾಗಾಗಿ ಇವತ್ತು ಅದನ್ನೇ ಹಿಡಿದು ಬರೆಯುತ್ತೇನೆ. ಉಳಿದವರು ಚುಟುಕು ಉತ್ತರಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ, ಎನ್‌ಸಿಸಿ ಕೆಡೆಟ್. .22 (ಇಂಚಿನಲ್ಲಿ ಗುಂಡಿನ ಅಗಲ) ರೈಫಲ್‌ನಲ್ಲಿ 25 ಮೀಟರ್‌ನಿಂದ ಐದು ಗುಂಡು ಹೊಡೆದೆ. ಐದೂ ಐದು ಕಡೆ ಬಿದ್ದವು. ಸೈಟ್ ಕೆಟ್ಟಿದೆ ಅಂತಾರೆ ಸೀನಿಯರ್. ಸ್ಕೋಪ್ (ದುರ್ಬೀನು) ಇರುವ ರೈಫಲ್ ಸಿಕ್ಕರೆ ಸರಿ ಹೋಗುತ್ತಾ? (ದಾವಣಗೆರೆ)

ಹೋಗಲ್ಲ. ಸೈಟ್ ಅಂದರೆ ಗುರಿ ಹಿಡಿಯಲು ರೈಫಲ್ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತು. ಅದು ಕೆಟ್ಟಿದ್ದರೆ ಐದೂ ಗುಂಡು ಒಟ್ಟಿಗೆ ಒಂದೇ ತಪ್ಪು ಜಾಗದಲ್ಲಿ ಬೀಳುತ್ತವೆ. ಐದು ಕಡೆ ಚೆದುರಿವೆ ಅಂದರೆ ತಪ್ಪು ರೈಫಲ್ ಹಿಂದೆ ಮಲಗಿರುವವರದು. ಮೊದಲು ಗ್ರೂಪಿಂಗ್, ಅಂದರೆ ಗುಂಡುಗಳೆಲ್ಲ ಒಂದೇ ಕಡೆ ಒತ್ತಾಗಿ ಬೀಳಬೇಕು; ಆಮೇಲೆ ಸೈಟ್‌ಗೆ ಕೈ. ಇನ್ನು ಸ್ಕೋಪ್ ಹಾಕಿದರೆ ನಿಮ್ಮ ನಡುಕ ದೊಡ್ಡದಾಗಿ ಕಾಣುತ್ತೆ, ಕಡಿಮೆಯಾಗಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಶೂಟರ್ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಿದ್ದು ಇದೇ .22 ಗುಂಡಿನಲ್ಲಿ, 50 ಮೀಟರ್ ದೂರದಿಂದ, ಸ್ಕೋಪ್ ಇಲ್ಲದೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ.

ನೀವು ಬಹುಶಃ ಟಾರ್ಗೆಟ್ ನೋಡುತ್ತಾ ಹೊಡೆದಿದ್ದೀರಿ. ಎಲ್ಲರೂ ಮೊದಲು ಮಾಡೋದು ಅದನ್ನೇ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಸೈಟ್ 1 ಮಿ.ಮೀ. ಪಕ್ಕಕ್ಕೆ ಸರಿದರೂ 25 ಮೀಟರ್‌ನಲ್ಲಿ ಗುಂಡು 50 ಮಿ.ಮೀ. ಆಚೆ ಹೋಗುತ್ತೆ. ಅದೇ ಎರಡೂ ಸೈಟ್ ಜೋಡಿಯಾಗಿದ್ದು, ಗುರಿ ಮಾತ್ರ 5 ಮಿ.ಮೀ. ಅಲುಗಿದರೆ ನಷ್ಟ ಆ 5 ಮಿ.ಮೀ. ಅಷ್ಟೇ. ಆದ್ದರಿಂದ ಮುಂದಿನ ಸೈಟ್ ಚೂಪಾಗಿ ಕಾಣಬೇಕು, ಟಾರ್ಗೆಟ್ ಮಸುಕಾದರೆ ಆಗಲಿ ಬಿಡಿ.

ಮಲಗಿದ ಮೇಲೆ ಒಮ್ಮೆ ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಹೋಗಿದ್ದರೆ ರೈಫಲ್ ಅನ್ನು ಕೈಯಿಂದ ಎಳೆದು ತರಬೇಡಿ. ಎಡ ಮೊಣಕೈ ಅಲ್ಲೇ ಇರಲಿ, ಸೊಂಟ ಸರಿಸಿ. ತೋಳಿನ ಬಲದಲ್ಲಿ ಎಳೆದು ಹಿಡಿದ ರೈಫಲ್ ಗುಂಡು ಹಾರುವ ಹೊತ್ತಿಗೆ ಸರಿಯಾಗಿ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ. ಏಳೆಂಟು ಸೆಕೆಂಡಿನಲ್ಲಿ ಆಗಲಿಲ್ಲವಾ, ಬೆರಳು ತೆಗೆದು ಮತ್ತೆ ಉಸಿರಾಡಿ. ಹಟಕ್ಕೆ ಬಿದ್ದು ಹಿಡಿದರೆ ಕಣ್ಣು ಮಂಜಾಗುತ್ತೆ. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದಿದ್ದರೆ ಮೊದಲು ಉಸಿರಿನ ಮೇಲೇ ಅನುಮಾನಪಡಿ.

ಇಷ್ಟೆಲ್ಲ ಸರಿ ಮಾಡಿ ಕೊನೆಗೆ ಕೆಡಿಸೋದು ಟ್ರಿಗರ್. ನಾನು ಒಂದು ಕೆಲಸ ಮಾಡುತ್ತೇನೆ. ರೇಂಜ್‌ನಲ್ಲಿ ನಾನೇ ಲೋಡ್ ಮಾಡಿ, ನಡುವೆ ಹೇಳದೆ ಸಿಡಿಯದ ಒಂದು ಡಮ್ಮಿ ಸೇರಿಸುತ್ತೇನೆ. ಹುಡುಗ ಟ್ರಿಗರ್ ಎಳೆಯುತ್ತಾನೆ, ಬರೀ ಟಕ್ ಅನ್ನುತ್ತೆ. ಗುಂಡೇ ಇಲ್ಲ, ಆದರೂ ಬ್ಯಾರೆಲ್ ಕೆಳಗೆ ಬಾಗಿರುತ್ತೆ, ಭುಜ ಮುಂದೆ ಬಂದಿರುತ್ತೆ, ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತೆ. ರೈಫಲ್ ಕೆಟ್ಟಿದೆ ಅಂದವನು ಆಮೇಲೆ ತುಟಿ ಬಿಚ್ಚಲ್ಲ. .22ರ ಒದೆತ ಗೊತ್ತೇ ಆಗದಷ್ಟು ಕಡಿಮೆ. ಹೆದರಿಕೆ ಸದ್ದಿನದು. ಕಿವಿ ಮುಚ್ಚಿಕೊಳ್ಳಿ, ಬೆರಳಿನ ತುದಿಯ ಮೆತ್ತನೆ ಭಾಗದಿಂದ ನೇರ ಹಿಂದಕ್ಕೆ ಒತ್ತುತ್ತಾ ಹೋಗಿ. ಗುಂಡು ಯಾವ ಕ್ಷಣ ಹಾರುತ್ತೆ ಅಂತ ನಿಮಗೇ ಗೊತ್ತಾಗಬಾರದು. ಹಾರಿದ ಮೇಲೂ ಒಂದು ಸೆಕೆಂಡ್ ಟ್ರಿಗರ್ ಒತ್ತೇ ಇರಲಿ, ಕೆನ್ನೆ ಎತ್ತಬೇಡಿ. ಎಲ್ಲಿಗೆ ಬಿತ್ತು ಅಂತ ನೋಡುವ ಮೊದಲೇ ಬಾಯಿ ಬಿಟ್ಟು ಹೇಳಿ. ಹೇಳಿದ ಕಡೆಯೇ ಬಿದ್ದಿದ್ದರೆ ನೀವು ಕಲಿಯುತ್ತಿದ್ದೀರಿ.

ಗ್ರೂಪ್ ಬಿಗಿಯಾಗಿದ್ದೂ ನಡುವಿನಿಂದ ದೂರ ಇದ್ದರೆ ಆಗ ಸೈಟ್ ಮುಟ್ಟಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟ್ ಆ ಕಡೆಗೇ. ಅದೂ ಪಿಐ ಸ್ಟಾಫ್ (ಎನ್‌ಸಿಸಿಗೆ ಕಲಿಸುವ ಸೇನೆಯ ತರಬೇತುದಾರರು) ಎದುರಿಗೇ. ಮತ್ತೊಂದು ಮಾತು: ಖಾಲಿ .22ರ ಟ್ರಿಗರ್ ಸುಮ್ನೆ ಟಕ್ ಟಕ್ ಅನ್ನಿಸುತ್ತಾ ಕೂರಬೇಡಿ. ಗುಂಡಿಗೆ ಬಡಿಯುವ ಪಿನ್ ನೇರ ಚೇಂಬರ್ (ಗುಂಡು ಕೂರುವ ಜಾಗ) ಅಂಚಿಗೆ ಬಡಿದು ಹಾಳಾಗಬಹುದು.

ಮ್ಯಾಚ್‌ಗೆ ಮೊದಲು ಕೈ ನಡುಗದಿರಲು ಯಾರೋ ಒಂದು ಮಾತ್ರೆ ಹೇಳಿದ್ದಾರೆ. (ಚಿತ್ರದುರ್ಗ)

ಆ 'ಯಾರೋ' ಯಾರು ಅಂತ ನನಗೂ ತಿಳಿಸಿ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳು ಶೂಟಿಂಗ್‌ನಲ್ಲಿ ಡೋಪಿಂಗ್ ಲೆಕ್ಕ. ಸ್ಪರ್ಧೆ ಇಲ್ಲದ ದಿನವೂ ನಿಷೇಧ. ಅಸ್ತಮಾ ಇದ್ದವರು ನುಂಗಿದರೆ ಉಸಿರೇ ಕಟ್ಟಬಹುದು. ಡಾಕ್ಟರ್ ಅಲ್ಲದವರ ಹತ್ತಿರ ಇದನ್ನೆಲ್ಲ ಕೇಳಬೇಡಿ, ನನ್ನನ್ನೂ ಸೇರಿಸಿ.

ಊರ ಹೊರಗೆ ಬಂಡೆಗೆ ಹೊಡೆದು ಪ್ರಾಕ್ಟೀಸ್ ಮಾಡಬಹುದಾ? (ಚಿತ್ರದುರ್ಗ)

ತಲೆ ಸರಿ ಇದೆಯಾ? ದುರ್ಗದ ಬಂಡೆಗೆ ಬಿದ್ದ ಗುಂಡು ಯಾವ ಕಡೆ ಪುಟಿಯುತ್ತೆ ಅಂತ ಯಾರೂ ಹೇಳಲಾರರು. .22 ಗುಂಡು ಒಂದೂವರೆ ಕಿಲೋಮೀಟರ್ ಆಚೆಗೂ ಹೋಗುತ್ತೆ. ಆಚೆ ಕುರಿ ಕಾಯುವವರಿರುತ್ತಾರೆ. ರೇಂಜ್ ಬಿಟ್ಟು ಬೇರೆಲ್ಲೂ ಬೇಡ.

ಹೊಲಕ್ಕೆ ಬರುವ ಹಂದಿಗೆ ಏರ್ ರೈಫಲ್ ಸಾಕಾ? (ಹೊಳಲ್ಕೆರೆ)

ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಇದು ಶೂಟಿಂಗ್ ಕಲಿಯುವವರ ಅಂಕಣ.

ಮಗಳಿಗೆ ಕನ್ನಡಕ ಇದೆ, ಕಲಿಯಬಹುದಾ? (ಹರಿಹರ)

ಧಾರಾಳವಾಗಿ.

ಬ್ಯಾರೆಲ್‌ಗೆ ಕೊಬ್ಬರಿ ಎಣ್ಣೆ ಹಾಕಬಹುದಾ? (ಜಗಳೂರು)

ಅದು ಚಳಿಗೆ ಗಟ್ಟಿಯಾಗುತ್ತೆ, ಅಂಟಿಕೊಂಡು ಧೂಳು ಹಿಡಿಯುತ್ತೆ. ತಲೆಗೆ ಹಚ್ಚಿಕೊಳ್ಳಿ, ರೈಫಲ್‌ಗೆ ಗನ್ ಆಯಿಲ್ ಹಾಕಿ.

ಯಾರೂ ಕೇಳದ ಒಂದು ವಿಷಯ ನಾನೇ ಹೇಳುತ್ತೇನೆ. ಗುಂಡು ಸೀಸದ್ದು, ಅದರ ಪುಡಿ ಕೈಗೆ ಅಂಟುತ್ತೆ. ಫೈರಿಂಗ್ ಮುಗಿಸಿ ನೇರ ಮಂಡಕ್ಕಿ ಮಿರ್ಚಿಗೆ ಕೈ ಹಾಕುವವರನ್ನು ದಿನಾ ನೋಡುತ್ತೇನೆ. ಮೊದಲು ಸೋಪು ಹಾಕಿ ಕೈ ತೊಳೀರಪ್ಪಾ.